ಮಾವನವರ ಸಹಿ

ಸತ್ತು ಇಪ್ಪತ್ತೇಳು ವರ್ಷವಾದ ಮನುಷ್ಯನ ಸಹಿ ಬೇಕು ಅಂತ ತಿಂಗಳಿಗೆ ಎರಡು ಮೂರು ಜನ ಕಾಗದ ಬರೆದರೆ ಮನೆಯಲ್ಲಿ ಉಳಿದವರು ಏನು ಮಾಡಬೇಕು, ನೀವೇ ಹೇಳಿ. ಅದರಲ್ಲೂ ಕಾಗದ ಬರೆದ ಪುಣ್ಯಾತ್ಮರು ಅಂಚೆ ಖರ್ಚು ಕೊಡುವುದಿಲ್ಲ, ಬಿಡಿಸಿಕೊಳ್ಳುವ ನಾವೇ ಕೊಡಬೇಕು. ಬಾಸ್ಟನ್ನಿನ ಔಷಧಿ ಅಂಗಡಿಯವನೊಬ್ಬ, ಆಲ್ಬನಿಯ ಪಾದ್ರಿಯೊಬ್ಬ, ಓಹಾಯೋದ ಯಾವುದೋ ಹೆಣ್ಣುಮಕ್ಕಳ ಶಾಲೆಯ ಮೇಷ್ಟರೊಬ್ಬ. ಎಲ್ಲವೂ ನನ್ನ ಅತ್ತೆಯ ಹೆಸರಿಗೆ, ಎಲ್ಲರ ಕಾಗದವೂ ಒಂದೇ ಅಚ್ಚಿನಲ್ಲಿ ತೆಗೆದಹಾಗೆ. ರಾಷ್ಟ್ರ ಕಟ್ಟಿದ ಹಿರಿಯರಲ್ಲಿ ಒಬ್ಬರಾದ ತಮ್ಮ ಪೂಜ್ಯ ಪತಿಯವರ ಸಹಿಯೊಂದನ್ನು ನನ್ನ ಪುಸ್ತಕಕ್ಕೆ ದಯಪಾಲಿಸಬೇಕು, ಚಿಕ್ಕ ತುಂಡಾದರೂ ಸಾಕು. ಓದಿ ಓದಿ ನನಗೆ ತಲೆ ಚಿಟ್ಟು ಹಿಡಿದು ಹೋಗಿತ್ತು.

ಮಾವನವರು ಥಿಯೋಡೋರಿಕ್ ಪೆಂಡ್ರಿ. ಇಂಗ್ಲೆಂಡಿನ ರಾಜನ ಮೇಲೆ ಯುದ್ಧ ನಡೆದಾಗ ಫಿಲಡೆಲ್ಫಿಯಾದ ಕಾಂಗ್ರೆಸ್ ಸಭೆಯಲ್ಲಿ ಕೂತವರು, ಆಮೇಲೆ ವರ್ಜೀನಿಯಾ ಗವರ್ನರರ ಸಲಹೆಗಾರರಾಗಿದ್ದವರು. ಇವರಿಗೆ ಕಾಗದ ಬರೆಯದ ದೊಡ್ಡ ಮನುಷ್ಯ ಆ ಕಾಲದಲ್ಲಿ ಇರಲಿಲ್ಲ, ಇವರು ಉತ್ತರ ಬರೆಯದೆ ಬಿಟ್ಟ ಮನುಷ್ಯನೂ ಇರಲಿಲ್ಲ. ನಾನು ಟ್ಯಾಬಿತಾ, ಅವರ ಮಗನ ಹೆಂಡತಿ. ಮಗನೂ ಹೋಗಿ ಹನ್ನೊಂದು ವರ್ಷವಾಯಿತು. ಈಗ ಈ ಮನೆಯಲ್ಲಿ ಇರುವುದು ನಾನು, ಎಂಬತ್ತಮೂರು ವರ್ಷದ ಅತ್ತೆ ಡೊರೊಥಿಯಾ, ಮತ್ತೆ ಮಾವನವರು ಹೋದ ಊರುಗಳಿಂದ ಅತ್ತೆಗೆ ಬರೆದ ಕಾಗದಗಳ ಪೆಟ್ಟಿಗೆ.

ಸಹಿ ಕೇಳಿದವರಿಗೆ ಅತ್ತೆ ಒಂದು ದಿನವೂ ಇಲ್ಲ ಅಂದವರಲ್ಲ. ಸೊಂಟದ ಬೀಗದಕೈ ತೆಗೆದು ಪೆಟ್ಟಿಗೆಯಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಸ್ವಲ್ಪ ಹೊತ್ತಿಗೆ ಕತ್ತರಿಯ ಸದ್ದು. ಬೆರಳಗಲದ ಒಂದು ಚೂರು ಹಿಡಿದುಕೊಂಡು ಈಚೆ ಬರುವರು, ಅದರ ಮೇಲೆ ಮಾವನವರ ಸಹಿ, ಕೆಳಗೆ ದೊಡ್ಡದಾಗಿ ಸುತ್ತಿಕೊಂಡ ಬಾಲ. ಜೊತೆಗೆ ಇಡುವ ಚೀಟಿ ಬರೆಯುವುದು ನನ್ನ ಕೆಲಸ. "ಇದು ನನ್ನ ಪತಿಯ ಸ್ವಂತ ಕೈಬರಹವೆಂದು ದೃಢಪಡಿಸುತ್ತೇನೆ." ನಾನು ಬರೆಯುವೆ, ಅವರು ಕೆಳಗೆ ತಮ್ಮ ಹೆಸರು ಹಾಕುವರು, ಅರಗು ಒತ್ತಿ ಕಳಿಸುವೆವು. ಇಪ್ಪತ್ತು ವರ್ಷದಿಂದ ಇದೇ ಪೂಜೆ.

ನನ್ನ ಮೈ ಉರಿಯುತ್ತಿದ್ದದ್ದು ಯಾಕೆ ಅಂದರೆ, ಸಹಿ ಕತ್ತರಿಸಿದರೆ ಅದರ ಹಿಂದುಗಡೆ ಬರೆದಿದ್ದೂ ಹೋಗುತ್ತದೆ ತಾನೇ? ನೂರಾರು ಕಾಗದಗಳಿಗೆ ತೂತು ಬಿದ್ದ ಹಾಗೆ. ಮುಂದೆ ಯಾರಾದರೂ ಬುದ್ಧಿವಂತರು ಕೂತು ಓದೋಣ ಅಂದರೆ ಏನು ಉಳಿದಿರುತ್ತದೆ ಅಂತ ಎಷ್ಟೋ ಸಲ ಹೇಳಿದೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಕಿವಿ ಕೇಳುವುದೂ ಕೇಳದಿರುವುದೂ ಅವರ ಅನುಕೂಲದಂತೆ.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಕೇಜಿಯಾ ಬಂದಳು.

ಕೇಜಿಯಾ ಈ ಮನೆಯಲ್ಲೇ ಗುಲಾಮಳಾಗಿ ಹುಟ್ಟಿ, ಈ ಮನೆಯ ಅಡಿಗೆಮನೆಯಲ್ಲೇ ಬೆಳೆದವಳು. ಸಾವಿರದ ಎಂಟುನೂರ ನಾಲ್ಕನೇ ಇಸವಿಯಲ್ಲಿ ಮಾವನವರು ಅವಳನ್ನು ಬಿಡುಗಡೆ ಮಾಡಿದರು. ಸ್ವಾತಂತ್ರ್ಯ, ಹಕ್ಕು ಅಂತ ಬಂಡಿಗಟ್ಟಲೆ ಬರೆದ ಮನುಷ್ಯ ತಮ್ಮ ಜೀವಮಾನದಲ್ಲಿ ಬಿಡುಗಡೆ ಮಾಡಿದ್ದು ಅವಳೊಬ್ಬಳನ್ನು. ಉಳಿದ ಗುಲಾಮರನ್ನು ಅವರು ಸತ್ತ ಮೇಲೆ ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿ ಹರಾಜು ಹಾಕಿದರು, ಆ ದಿನ ನಾನೂ ಮನೆಯೊಳಗೆ ಕೂತು ಸುಮ್ಮನೆ ಹೊಲಿಗೆ ಹಾಕುತ್ತಿದ್ದೆ. ಹೇಳಿಕೊಳ್ಳೋಕೆ ನನಗೇ ನಾಚಿಕೆ. ಕೇಜಿಯಾ ಈಗ ಗಿರಣಿಯ ಹತ್ತಿರ ಒಂದು ಗುಡಿಸಲಿನಲ್ಲಿ ಬಟ್ಟೆ ಒಗೆದು, ಬಾಣಂತನ ಮಾಡಿ ಬದುಕುತ್ತಾಳೆ. ಗಂಡ ಐಸಮ್ ಇನ್ನೂ ಗಿರಣಿ ಯಜಮಾನನ ಸ್ವತ್ತು.

ಅವಳ ಕಷ್ಟ ಇದು. ಬಿಡುಗಡೆಯಾದವರು ಮೂರು ವರ್ಷಕ್ಕೊಮ್ಮೆ ತಾವು ಸ್ವತಂತ್ರರು ಅನ್ನುವ ಚೀಟಿಯನ್ನು ಕೋರ್ಟಿನಲ್ಲಿ ಹೊಸದು ಮಾಡಿಸಬೇಕು. ಅವಳು ಹಳೆಯದನ್ನು ಕೊಟ್ಟು ಬಂದ ವಾರವೇ ಕೋರ್ಟಿನ ಕಟ್ಟಡಕ್ಕೆ ಬೆಂಕಿ ಬಿತ್ತು. ಚೀಟಿಯೂ ಹೋಯಿತು, ಬಿಡುಗಡೆ ಪತ್ರ ಬರೆದಿಟ್ಟಿದ್ದ ದೊಡ್ಡ ಪುಸ್ತಕವೂ ಹೋಯಿತು. ಈಗ ಎಲ್ಲರೂ ಮೊದಲಿಂದ ಪುರಾವೆ ತರಬೇಕಂತೆ. ನಮ್ಮ ವರ್ಜೀನಿಯಾದ ಕಾನೂನು ನಿಮಗೆ ಗೊತ್ತಲ್ಲ. ಎಂಟುನೂರ ಆರನೇ ಇಸವಿಯ ಮೇ ತಿಂಗಳಿಗೆ ಮುಂಚೆ ಬಿಡುಗಡೆಯಾದ ಕರಿಯರು ಇಲ್ಲಿ ಇರಬಹುದು, ಆಮೇಲೆ ಆದವರು ವರ್ಷದೊಳಗೆ ರಾಜ್ಯ ಬಿಟ್ಟು ನಡೀಬೇಕು, ಇಲ್ಲದಿದ್ದರೆ ಮತ್ತೆ ಹಿಡಿದು ಮಾರುತ್ತಾರೆ. ನಾಲ್ಕನೇ ಇಸವಿ ಅಂತ ತೋರಿಸಲಾಗದಿದ್ದರೆ ಕೇಜಿಯಾ ಗಂಟು ಕಟ್ಟಬೇಕು. ಐಸಮ್ ಅವಳ ಜೊತೆ ಹೋಗುವ ಹಾಗಿಲ್ಲ. ಅರವತ್ತೆರಡು ವರ್ಷಕ್ಕೆ, ನಲವತ್ತು ವರ್ಷ ಬಾಳಿದ ಗಂಡನನ್ನು ಬಿಟ್ಟು. ನ್ಯಾಯಾಧೀಶರು ಬಾಯಿಮಾತು ಬೇಡ, ಬರಹ ತಾ ಅಂದಿದ್ದಾರೆ. ಸೋಮವಾರ ಕೋರ್ಟು.

"ಸಾಹೇಬ್ರು ಅವತ್ತು ರಿಚ್ಮಂಡಿಂದ ದೊಡ್ಡಮ್ಮಾವ್ರಿಗೆ ಕಾಗದ ಬರೆದಿದ್ರು," ಅಂದಳು ಕೇಜಿಯಾ. "ದೊಡ್ಡಮ್ಮಾವ್ರು ಅಡಿಗೆಮನೆಗೇ ಬಂದು ನಂಗೆ ಓದಿ ಹೇಳಿದ್ರು. ಅದು ಸಿಕ್ರೆ ಸಾಕು, ಚಿಕ್ಕಮ್ಮಾವ್ರೇ."

ಆ ಕಾಗದದಲ್ಲಿ ಏನಿತ್ತು ಅಂತ ಕೇಳಿದೆ. ಅವಳಿಗೆ ಓದು ಬರಹ ಬರುವುದಿಲ್ಲ, ಆದರೆ ಅಷ್ಟನ್ನೂ ಪ್ರಾರ್ಥನೆ ಒಪ್ಪಿಸುವ ಹಾಗೆ ನಿಂತುಕೊಂಡು ಒಪ್ಪಿಸಿದಳು. "ಕೇಜಿಯಾ ಹುಟ್ಟಿದಾಗಿನಿಂದ ನಮ್ಮ ಮನೆಗೆ ದುಡಿದಳು. ಸಿಡುಬು ಬಂದ ವರ್ಷ ನನ್ನ ಮಗನನ್ನು ಉಳಿಸಿಕೊಟ್ಟಳು. ಅವಳಿಗೆ ಕೊಡಬೇಕಾದ್ದನ್ನು ಕೊಡಲು ನಾನು ತುಂಬ ತಡಮಾಡಿದೆ, ಅದಕ್ಕೆ ಅವಳು ನನ್ನನ್ನು ಕ್ಷಮಿಸಲಿ. ಇವತ್ತಿನಿಂದ ಅವಳು ಯಾರ ಸ್ವತ್ತೂ ಅಲ್ಲ." ಆ ಮಗ ನನ್ನ ಗಂಡ.

ಅತ್ತೆ ಅಲ್ಲೇ ಕುರ್ಚಿಯಲ್ಲಿ ಕಾಲುಚೀಲ ಹೆಣೆಯುತ್ತಾ ಕೂತಿದ್ದರು. ಕಾಗದ ಎಲ್ಲಿದೆ ಅಂದೆ. ತಲೆ ಎತ್ತದೆ, ಇಲ್ಲ ಅಂದರು. ಹುಡುಕೋಣ ಅಂದೆ. ಹುಡುಕೋದಕ್ಕೇನಿದೆ, ಇಲ್ಲ ಅಂದಮೇಲೆ ಇಲ್ಲ ಅಂದರು. ಕೇಜಿಯಾ ಅವರ ಮುಖವನ್ನೇ ನೋಡುತ್ತಾ ನಿಂತಿದ್ದು, ಸರಿ ದೊಡ್ಡಮ್ಮಾವ್ರೇ, ಅಂತ ಹೇಳಿ ಹೊರಟುಹೋದಳು.

ನನಗೆ ಗೊತ್ತಾಯಿತು. ಕತ್ತರಿಸಿಬಿಟ್ಟಿದ್ದಾರೆ. ಬಾಸ್ಟನ್ನಿನ ಔಷಧಿ ಅಂಗಡಿಯವನ ಪುಸ್ತಕಕ್ಕೆ ಕೇಜಿಯಾಳ ಬದುಕನ್ನು ಬೆರಳಗಲ ಕತ್ತರಿಸಿ ಕಳಿಸಿಬಿಟ್ಟಿದ್ದಾರೆ. ಆ ದಿನ ನಾನು ಅತ್ತೆಗೆ ಅಂದ ಮಾತು ಈ ಮನೆಗೆ ಬಂದ ಇಪ್ಪತ್ತೊಂಬತ್ತು ವರ್ಷದಲ್ಲಿ ಅಂದಿರಲಿಲ್ಲ. ತೂತು ಬಿದ್ದಿದ್ದರೂ ಪರವಾಗಿಲ್ಲ, ಉಳಿದದ್ದಾದರೂ ಕೊಡಿ ಅಂದೆ. ಅವರು ಹೆಣಿಗೆಯ ಮನೆ ಎಣಿಸುತ್ತಿದ್ದರು. ಶುಕ್ರವಾರ ಮತ್ತೆ ಕೇಳಿದೆ, ಶನಿವಾರ ಬೇಡಿಕೊಂಡೆ. ಸೂಪು ಉಪ್ಪಾಗಿದೆ ಅಂದರು. ಕಲ್ಲಿನ ಹತ್ತಿರ ಮಾತಾಡಿದ್ದರೆ ಕಲ್ಲಾದರೂ ಕರಗುತ್ತಿತ್ತೋ ಏನೋ.

ಭಾನುವಾರ ಚರ್ಚಿನಿಂದ ಬಂದು ನೋಡುತ್ತೇನೆ, ಅತ್ತೆ ಊಟ ಮುಗಿಸಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ. ಸೊಂಟದ ಬೀಗದಕೈ ತೆಗೆದುಕೊಂಡೆ. ಕಳ್ಳತನ ಅಂತೀರಾ, ಅನ್ನಿ.

ಪೆಟ್ಟಿಗೆ ತೆಗೆದವಳು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಒಂದು ಕಾಗದಕ್ಕೂ ತೂತಿರಲಿಲ್ಲ. ವರ್ಷದ ಪ್ರಕಾರ ಕಟ್ಟು ಕಟ್ಟಿ, ನೀಲಿ ದಾರ ಸುತ್ತಿ, ಒಣಗಿದ ಲ್ಯಾವೆಂಡರ್ ಇಟ್ಟು, ಮೊದಲ ದಿನ ಬಂದ ಹಾಗೇ ಇದ್ದವು. ನಾನೂರಕ್ಕೆ ಕಮ್ಮಿಯಿಲ್ಲ. ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಹಳೆಯ ಪುಸ್ತಕಗಳಿಂದ ಹರಿದ ಖಾಲಿ ಹಾಳೆಗಳು, ಕಾಫಿ ಡಿಕಾಕ್ಷನ್ ಬೆರೆಸಿ ಹಳತಾಗಿಸಿದ ಶಾಯಿಯ ಸೀಸೆ, ಮೂರು ಗರಿ ಲೇಖನಿ, ಒಂದು ಕತ್ತರಿ. ಒಂದು ಹಾಳೆಯ ತುಂಬ ಮಾವನವರ ಸಹಿ, ಮೇಲಿಂದ ಕೆಳಗೆ, ಮಗು ಅಕ್ಷರ ತಿದ್ದಿದ ಹಾಗೆ. ಇಪ್ಪತ್ತು ವರ್ಷ ಈ ಮುದುಕಿ ಸತ್ತ ಗಂಡನ ಸಹಿಯನ್ನು ತಾನೇ ಹಾಕಿ ಊರೂರಿಗೆ ಹಂಚಿದ್ದರು. ಅದು ಸ್ವಂತ ಕೈಬರಹವೇ ಹೌದು ಅಂತ ಚೀಟಿ ಬರೆದು ಕೊಟ್ಟ ಪೆದ್ದಿ ನಾನು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾಲ್ಕನೇ ಇಸವಿಯ ಕಟ್ಟಿನಲ್ಲಿ ಕಾಗದ ಸಿಕ್ಕಿತು. ಎರಡು ಪುಟ. ಮಂಡಿ ನೋವಿನ ದೂರು, ರಿಚ್ಮಂಡಿನ ಹೋಟೆಲಿನ ಹಾಸಿಗೆಯಲ್ಲಿ ತಿಗಣೆ, ನೀಲಿ ಕೋಟು ಕಳಿಸು, ಮೇವಿನ ಬೀಜ ಒದ್ದೆಯಾಗದ ಹಾಗೆ ಇಡು. ಕೊನೆಯಲ್ಲಿ ಹೀಗಿತ್ತು: "ಇಲ್ಲಿಗೆ ಬರುವ ದಾರಿಯಲ್ಲಿ ನಮ್ಮ ಕೋರ್ಟಿಗೆ ಹೋಗಿ ಕೇಜಿಯಾಳ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಗುಮಾಸ್ತನಿಗೆ ಕೊಟ್ಟೆ. ನೀನು ಪೀಡಿಸುತ್ತಿದ್ದದ್ದು ಮುಗಿಯಿತು. ಚೀಸು ಇಲಿಯ ಪಾಲಾಗದ ಹಾಗೆ ನೋಡಿಕೋ." ಅಷ್ಟೇ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಸಿಡುಬೂ ಇಲ್ಲ, ಮಗನೂ ಇಲ್ಲ, ಕ್ಷಮೆಯೂ ಇಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಬಂದು ಪೆಟ್ಟಿಗೆಯ ಪಕ್ಕದ ಮಣೆಯ ಮೇಲೆ ಕೂತರು.

"ಅವರ ಕಾಗದಕ್ಕೆ ಕತ್ತರಿ ಹಾಕೋಕೆ ನನ್ನ ಕೈ ಬರಲಿಲ್ಲ," ಅಂದರು. "ಇಲ್ಲ ಅಂತ ಬರೆಯೋಕೂ ಮನಸ್ಸು ಬರಲಿಲ್ಲ. ಕೇಳೋವರು ಕೇಳೋದು ನಿಲ್ಲಿಸಿಬಿಟ್ಟರೆ ಅವರನ್ನ ನೆನೆಸಿಕೊಳ್ಳೋರು ಯಾರು?"

ಇದ್ದ ಕಾಗದವನ್ನು ಇಲ್ಲ ಅಂದದ್ದು ಯಾಕೆ ಅಂತ ಕೇಳಿದೆ. ನಿಜವಾದ ಸಹಿ ಒಂದು ಹೊರಗೆ ಹೋದರೆ ಯಾರಾದರೂ ಪಕ್ಕದಲ್ಲಿಟ್ಟು ನೋಡುತ್ತಾರೆ, ಎಲ್ಲ ಬಯಲಿಗೆ ಬೀಳುತ್ತದೆ, ಬೇಡ ಟ್ಯಾಬಿ ಅಂದರು. ನನಗೆ ರೇಗಿಹೋಯಿತು. ಹೊತ್ತು ಹೋಗದವರು ಯಾರು ಪಕ್ಕದಲ್ಲಿಟ್ಟು ನೋಡುತ್ತಾರೆ, ನಿಮ್ಮ ಆಟಕ್ಕೆ ಒಂದು ಸಂಸಾರ ಒಡೆಯಬೇಕೋ ಅಂತ ಕೂಗಾಡಿ, ಕಾಗದ ಮಡಿಚಿ ನನ್ನ ಬೈಬಲ್ಲಿನೊಳಗೆ ಇಟ್ಟುಕೊಂಡೆ. ಅತ್ತೆ ಪೆಟ್ಟಿಗೆಯಲ್ಲಿ ಖಾಲಿಯಾದ ಜಾಗದ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದರು.

ಸೋಮವಾರ ನಾನೇ ಬಂಡಿ ಹೊಡೆದುಕೊಂಡು ಕೇಜಿಯಾಳನ್ನು ಕೂರಿಸಿಕೊಂಡು ಹೋದೆ. ಸುಟ್ಟುಹೋದ ಕೋರ್ಟಿಗೆ ಬದಲಾಗಿ ಹೋಟೆಲಿನ ದೊಡ್ಡ ಕೋಣೆಯಲ್ಲಿ ನ್ಯಾಯಾಧೀಶ ಗುಡ್ಲೋ ಕೂತಿದ್ದರು. ಒಳ್ಳೆಯ ಮನುಷ್ಯರೇ, ಆದರೆ ಹಳೆಯ ಕಾಲದ ದೊಡ್ಡವರ ಬಗ್ಗೆ ತಮಗಿಂತ ತಿಳಿದವರು ಈ ಕೌಂಟಿಯಲ್ಲಿ ಇಲ್ಲ ಅನ್ನುವ ಜಂಬ. ಗುಮಾಸ್ತ ಎದ್ದು ಕಾಗದವನ್ನು ಮಂಡಿ ನೋವಿನಿಂದ ಚೀಸಿನ ತನಕ ಗಟ್ಟಿಯಾಗಿ ಓದಿದ. ನಾನು ಕೇಜಿಯಾಳ ಕಡೆ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ.

ಗುಡ್ಲೋ ಕಾಗದ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು. ಮುಖ ಗಂಟಾಯಿತು. ಎದುರಿನ ತಮ್ಮ ಮನೆಗೆ ಆಳು ಕಳಿಸಿ ಏನೋ ತರಿಸಿದರು. ತಂದದ್ದು ಚಿನ್ನದ ಬಣ್ಣದ ಚೌಕಟ್ಟು, ಗಾಜು, ಗಾಜಿನ ಕೆಳಗೆ ಬೆರಳಗಲದ ಚೂರು. ಎಂಟು ವರ್ಷದ ಹಿಂದೆ ಇವರ ಮಗಳ ಮದುವೆಯಲ್ಲಿ ಅತ್ತೆ ಇವರಿಗೇ ಕೊಟ್ಟ ಉಡುಗೊರೆ ಅದು. ಮರೆತೇಬಿಟ್ಟಿದ್ದೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲರಿಗೂ ಕಾಣುವ ಹಾಗೆ ತೋರಿಸಿದರು. ಮಾವನವರ ನಿಜವಾದ ಸಹಿ ಅವಸರದ್ದು, ಮೋಟು, ಬಾಲವೇ ಇಲ್ಲ. ಗಾಜಿನ ಕೆಳಗಿನದ್ದು ಅಂದವಾಗಿ, ಗಂಭೀರವಾಗಿ, ರಾಷ್ಟ್ರ ಕಟ್ಟಿದವರ ಸಹಿ ಹೇಗಿರಬೇಕೋ ಹಾಗಿತ್ತು. ಇಪ್ಪತ್ತು ವರ್ಷ ತಿದ್ದಿ ತಿದ್ದಿ ಅತ್ತೆ ಗಂಡನಿಗಿಂತ ಚೆನ್ನಾಗಿ ಗಂಡನ ಸಹಿ ಹಾಕುವುದನ್ನು ಕಲಿತಿದ್ದರು.

"ದಿನಾ ಬೆಳಿಗ್ಗೆ ಇದನ್ನ ನೋಡಿಕೊಂಡೇ ನಾನು ಕಾಫಿ ಕುಡಿಯೋದು," ಅಂದರು ಗುಡ್ಲೋ. "ಪೆಂಡ್ರಿಯವರ ಕೈ ನನಗೆ ಗೊತ್ತಿಲ್ಲವೇ? ಈ ಕಾಗದ ಯಾರೋ ಸೃಷ್ಟಿ ಮಾಡಿದ್ದು, ಅಮ್ಮಾ. ನಿಮಗೆ ಯಾರೋ ಮೋಸ ಮಾಡಿದ್ದಾರೆ." ಹಾಗಂದವರು ಕೇಜಿಯಾಳ ಕಡೆ ನೋಡಿದರು.

ಮನೆಯಲ್ಲಿ ಇಂಥ ಕಾಗದ ಇನ್ನೂ ನಾನೂರು ಇದೆ ಅಂದೆ. ಇದನ್ನು ಸೃಷ್ಟಿ ಮಾಡಿದವರು ಅದನ್ನೂ ಮಾಡಿರಬಹುದಲ್ಲ ಅಂದರು. ನಿಮ್ಮ ಚೌಕಟ್ಟಿನಲ್ಲಿರುವುದೇ ನಿಜವಾದದ್ದು ಅಂತ ಹೇಗೆ ಹೇಳುತ್ತೀರಿ ಅಂದೆ. ಚೌಕಟ್ಟನ್ನು ಹಿಂದಕ್ಕೆ ತಿರುಗಿಸಿ ತೋರಿಸಿದರು. ಅಲ್ಲಿ ಅಂಟಿಸಿತ್ತು ಚೀಟಿ, ಸ್ವಂತ ಕೈಬರಹವೆಂದು ದೃಢಪಡಿಸುತ್ತೇನೆ, ಕೆಳಗೆ ಅತ್ತೆಯ ಹೆಸರು. ಅಕ್ಷರ ನನ್ನದು. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಕೋರ್ಟು ನಾಳೆಯೂ ಕೂರುತ್ತದೆ, ಹೇಳುವುದಿದ್ದರೆ ನಾಳೆ ಬಂದು ಹೇಳಿ, ಇಲ್ಲದಿದ್ದರೆ ಈ ಹೆಂಗಸು ಹೊರಡಬೇಕಾಗುತ್ತದೆ ಅಂದರು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ, ಬೈಗುಳವನ್ನೂ ಸೇರಿಸಿ. ಐದು ನೂರು ಸುಳ್ಳಿಗೆ ನಿಮ್ಮ ಕೈ ಬಂತಲ್ಲ, ಒಂದು ನಿಜಕ್ಕೆ ಬಾಯಿ ಬರುವುದಿಲ್ಲವೋ ಅಂದೆ. ಅವರು ಕಾಲುಚೀಲ ಬಿಚ್ಚಿ ಮೊದಲಿಂದ ಹೆಣೆಯತೊಡಗಿದರು. ಸಾಕಾಗಿ ಎದ್ದು ಹೋದೆ.

ಮಂಗಳವಾರ ಬೆಳಿಗ್ಗೆ ಕುದುರೆ ಕಟ್ಟಲು ಹೋದರೆ ಅತ್ತೆ ಆಗಲೇ ಬಂಡಿಯಲ್ಲಿ ಕೂತಿದ್ದಾರೆ. ಆರು ವರ್ಷದಿಂದ ಚರ್ಚಿಗೂ ಹೋಗದವರು, ಕರೀ ರೇಷ್ಮೆಯ ಉಡುಪು, ಮಾವ ಸತ್ತಾಗ ಹೊಲಿಸಿದ, ಗದ್ದದ ಕೆಳಗೆ ದಾರ ಕಟ್ಟುವ ಬಾನೆಟ್ಟು ಟೋಪಿ. ದಾರಿಯುದ್ದಕ್ಕೂ ನಾನು ಬಂಡಿ ಕುಲುಕಿಸುತ್ತೇನೆ ಅಂತ ಗೊಣಗಿದರು. ಕೇಜಿಯಾ ದಾರಿಯಲ್ಲಿ ಹತ್ತಿಕೊಂಡಳು.

ಅತ್ತೆ ಒಳಗೆ ಬಂದ ತಕ್ಷಣ ಗುಡ್ಲೋ ಎದ್ದು ನಿಂತರು, ಕೋಣೆಯಲ್ಲಿದ್ದವರೆಲ್ಲ ಎದ್ದರು. ಪೆಂಡ್ರಿಯವರ ಹೆಂಡತಿ ಅಂದರೆ ಸುಮ್ಮನೆಯೇ? ಕುರ್ಚಿ ತಂದರು, ಅತ್ತೆ ಕೂರಲಿಲ್ಲ. ನೇರವಾಗಿ ಗುಮಾಸ್ತನ ಮೇಜಿಗೆ ಹೋಗಿ ಲೇಖನಿ, ಒಂದು ಹಾಳೆ ಕೇಳಿದರು. ಕೊಟ್ಟ. ಒಂದೇ ಎಳೆತಕ್ಕೆ ಮಾವನವರ ಸಹಿ ಹಾಕಿದರು. ಬಾಲ ಸುತ್ತಿಕೊಂಡು ಬಂದು ನಿಂತಿತು. ಹಾಳೆಯನ್ನು, ನಿನ್ನೆಯಿಂದ ಕಾಗದದ ಜೊತೆ ಮೇಜಿನ ಮೇಲೇ ಇದ್ದ ಚೌಕಟ್ಟಿನ ಪಕ್ಕ ಇಟ್ಟರು.

"ನಿಮ್ಮ ಗೋಡೆ ಮೇಲಿರೋದು ನನ್ನ ಕೈ," ಅಂದರು ಅತ್ತೆ. "ಆ ಕಾಗದದಲ್ಲಿರೋದು ಅವರ ಕೈ. ಅವರು ಹಾಗೇ ಹಾಕ್ತಿದ್ದದ್ದು, ಯಾವಾಗಲೂ ಅವಸರ."

ಗುಡ್ಲೋ ಎರಡನ್ನೂ ನೋಡಿದರು, ಅತ್ತೆಯನ್ನು ನೋಡಿದರು. ಎಂಟು ವರ್ಷದ ಬೆಳಗಿನ ಕಾಫಿ ಅವರ ಮುಖದಲ್ಲಿ ಹುಳಿಯಾದದ್ದನ್ನು ನಾನು ಕಂಡೆ. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಚೌಕಟ್ಟನ್ನು ಮಗುಚಿ ಇಟ್ಟು, ತುಂಬ ಹೊತ್ತು ಮೂಗು ಒರೆಸಿಕೊಂಡು, ಬರಕೋ ಅಂತ ಗುಮಾಸ್ತನಿಗೆ ಹೇಳಿದರು. ನಾಲ್ಕನೇ ಇಸವಿಯಲ್ಲಿ ಬಿಡುಗಡೆಯಾದದ್ದು ಕೋರ್ಟಿಗೆ ತೃಪ್ತಿಯಾಗುವಂತೆ ರುಜುವಾತಾಗಿದೆ. ಗುಮಾಸ್ತ ಚೀಟಿ ಬರೆದು ಮೊಹರು ಒತ್ತಿ ಕೇಜಿಯಾಳ ಕೈಗೆ ಕೊಟ್ಟ. ಮಾವನವರ ಕಾಗದವನ್ನು ವಾಪಸು ಕೊಡುವುದಿಲ್ಲವಂತೆ, ಪುರಾವೆ ಕೋರ್ಟಿನದ್ದಂತೆ. ಕಾಗದದ ನಡುವೆ ದಬ್ಬಳ ಚುಚ್ಚಿ ಬೇರೆ ಕಾಗದಗಳ ಜೊತೆ ದಾರಕ್ಕೆ ಪೋಣಿಸಿದ. ಅತ್ತೆ ಮುಖ ತಿರುಗಿಸಿಕೊಂಡರು. ಇಷ್ಟು ವರ್ಷ ಕಾಪಾಡಿದ್ದಕ್ಕೆ ತೂತು ಬಿತ್ತು.

ವಾಪಸು ಬರುವಾಗ ಮೂವರೂ ಒಂದೇ ಹಲಗೆಯ ಮೇಲೆ ಕೂತಿದ್ದೆವು, ನಾನು ಲಗಾಮು ಹಿಡಿದು, ನಡುವೆ ಅತ್ತೆ, ಆ ತುದಿಗೆ ಕೇಜಿಯಾ. ನನಗೆ ಹಾಡು ಹೇಳಬೇಕು ಅನ್ನಿಸುತ್ತಿತ್ತು. ಗೆದ್ದೆವಲ್ಲ. ಹಳ್ಳ ದಾಟಿದೆವು.

"ದೊಡ್ಡಮ್ಮಾವ್ರೇ," ಅಂದಳು ಕೇಜಿಯಾ. "ಅವತ್ತು ನೀವು ಓದಿದಾಗ ಉದ್ದ ಇತ್ತು."

ಅತ್ತೆಗೆ ಕಿವಿ ಕೇಳಲಿಲ್ಲವೇನೋ ಅಂದುಕೊಂಡೆ. ಕೇಳಿತ್ತು. "ಅವರು ಬರೀಬೇಕಾಗಿತ್ತು," ಅಂದರು. "ಬರೀಲಿಲ್ಲ."

"ಹಂಗಾದ್ರೆ ಅದೂ ನಿಮ್ಮ ಕೈನೇ."

ಅತ್ತೆ ಬಾನೆಟ್ಟಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ನೀನು ಅಲ್ಲಿ ಹಿಟ್ಟು ಕಲಸುತ್ತಾ ನಿಂತಿದ್ದೆ, ಇಲಿ ಮತ್ತು ಚೀಸಿನ ನಡುವೆ ನಿನ್ನನ್ನು ಹೇಗೆ ಓದಲಿ, ಅಂತ ಏನೋ ಸಣ್ಣದಾಗಿ ಅಂದರು. ಮಾವನವರನ್ನು ಪೀಡಿಸಿ ಆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದು ಇವರೇ ಅಂತ ನಾನು ಬಾಯಿ ಹಾಕಿದೆ. ಕೇಜಿಯಾ ಕೈಯೆತ್ತಿ ನನ್ನನ್ನು ತಡೆದಳು.

ಗಿರಣಿಯ ತಿರುವಿನಲ್ಲಿ ಐಸಮ್ ನಿಂತಿದ್ದ. ಯಜಮಾನನ ಹತ್ತಿರ ಒಂದು ಗಂಟೆಯ ಬಿಡುವು ಕೇಳಿಕೊಂಡು ಬಂದಿದ್ದನಂತೆ, ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದ. ಕೇಜಿಯಾ ಚೀಟಿಯನ್ನು ಎತ್ತಿ ತೋರಿಸಿದಳು. ಅವನು ಹಿಂಡಿದ ಟೋಪಿಯನ್ನು ಬಿಡಿಸಿ ತಲೆಗೆ ಹಾಕಿಕೊಂಡ. ಅವಳು ಬಂಡಿಯಿಂದ ಇಳಿದಳು, ಚೀಟಿಯನ್ನು ಎದೆಯೊಳಗೆ ಸಿಕ್ಕಿಸಿಕೊಂಡಳು, ಆಮೇಲೆ ತಿರುಗಿ ಅತ್ತೆಯ ಮುಂದೆ ನಿಂತಳು.

"ಮೂವತ್ನಾಲ್ಕು ವರ್ಷ ಸಾಹೇಬ್ರ ಹೆಸರು ಹೇಳಿ ಪ್ರಾರ್ಥನೆ ಮಾಡಿದೀನಿ," ಅಂದಳು. "ಒಂದು ದಿನ ತಪ್ಪಿಸಿಲ್ಲ. ನಾಳೆಯಿಂದ ಯಾರ ಹೆಸರು ಹೇಳ್ಲಿ, ದೊಡ್ಡಮ್ಮಾವ್ರೇ?"

ಅತ್ತೆ ಬೆರಳಿಗೆ ಸುತ್ತಿದ ದಾರವನ್ನು ಬಿಚ್ಚತೊಡಗಿದರು. ಕೇಜಿಯಾ ಗಂಡ ಇದ್ದ ಕಡೆ ನಡೆದಳು. ನಾನು ಕುದುರೆಯನ್ನು ಮನೆಯ ದಾರಿಗೆ ತಿರುಗಿಸಿದೆ.